ಕಹಲ್‌ಗಾಂವ್‌ನಲ್ಲಿ ಡಾಲ್ಫಿನ್ ಹುಡುಕಿಕೊಂಡು

ಏಪ್ರಿಲ್ ಬಿಸಿಲಲ್ಲಿ ಬಿಹಾರಕ್ಕೆ ಯಾರಾದ್ರೂ ಹೋಗ್ತಾರಾ ಅಂತ ಮನೆಯಲ್ಲಿ ಕೇಳಿದರು. ಗಂಗಾ ಡಾಲ್ಫಿನ್ ನೋಡಬೇಕಿತ್ತು, ಹೊರಟೆ. ಸುಲ್ತಾನ್‌ಗಂಜ್‌ನಿಂದ ಕಹಲ್‌ಗಾಂವ್‌ವರೆಗೆ ಸುಮಾರು 60 ಕಿ.ಮೀ. ಗಂಗೆ 1991ರಿಂದ ವಿಕ್ರಮಶಿಲಾ ಡಾಲ್ಫಿನ್ ಅಭಯಾರಣ್ಯ. ಭಾಗಲ್ಪುರದಲ್ಲಿ ಇಳಿದು ಕಹಲ್‌ಗಾಂವ್‌ಗೆ ಹೋದೆ.

ಬೆಳಗ್ಗೆ ಬೇಗನೇ ದೋಣಿ ಹತ್ತಿದೆ. ದೋಣಿಯವರು ಇಂಜಿನ್ ಮುಟ್ಟಲಿಲ್ಲ, ಹುಟ್ಟು ಹಾಕಿಕೊಂಡೇ ಹೋದರು. ನದಿಯ ನಡುವೆ ಮೂರು ಬಂಡೆ ದ್ವೀಪಗಳಿವೆ. ಅವುಗಳ ಹತ್ತಿರ ನಿಂತಾಗ ಹಿಂದಿನಿಂದ ಫುಸ್ ಅಂತ ಸದ್ದು. ತಿರುಗುವಷ್ಟರಲ್ಲಿ ಮುಳುಗಿತ್ತು. ಮುಂದಿನ ಸಲ ಸರಿಯಾಗಿ ಕಂಡಿತು: ಬೂದು ಬೆನ್ನು, ಇಕ್ಕಳದಂಥ ಉದ್ದ ಮೂತಿ, ಬಾಯಿ ಮುಚ್ಚಿದ್ದರೂ ಹೊರಗೆ ಕಾಣುವ ಹಲ್ಲು. ಬೆನ್ನಿಗೇ ಒಂದು ಮರಿ. ಸಮುದ್ರದ ಡಾಲ್ಫಿನ್ ಥರ ಇವು ಆಟ ಆಡಿ ತೋರಿಸುವುದಿಲ್ಲ. ಉಸಿರು ತಗೊಂಡು ಹೋಗುತ್ತವೆ, ಅಷ್ಟೇ. ಫೋಟೋ ಆಸೆ ಬಿಟ್ಟುಬಿಡಿ.

ಇವುಗಳ ಕಣ್ಣಲ್ಲಿ ಮಸೂರವೇ ಇಲ್ಲ. ಬೆಳಕು ಯಾವ ಕಡೆ ಅಂತ ಗೊತ್ತಾದರೆ ಅದೇ ಹೆಚ್ಚು. ಸದ್ದು ಹೊರಡಿಸಿ, ಅದರ ಪ್ರತಿಧ್ವನಿ ಕೇಳಿಯೇ ಮೀನು ಹಿಡಿಯಬೇಕು. ಇದೇ ದಾರಿಯಲ್ಲಿ ಸರಕು ಹಡಗುಗಳೂ ಸದ್ದು ಮಾಡುತ್ತಾ ಓಡಾಡುತ್ತವೆ!

"ಭೈಯಾ, ಬೇಸಿಗೆಯಲ್ಲಿ ಹೇಗೆ?" ಅಂದೆ.

"ನೀರು ಇಳಿದರೆ ಮೀನೂ ಇದೇ ಮಡುವಿಗೆ, ಸೋಂಸೂ ಇದೇ ಮಡುವಿಗೆ. ನಮ್ಮ ಬಲೆಯೂ ಇಲ್ಲೇ."

ಸೋಂಸ್ ಅಂದರೆ ಅಲ್ಲಿಯವರ ಮಾತಲ್ಲಿ ಡಾಲ್ಫಿನ್. ನನಗೆ ಇಡೀ ಸಮಸ್ಯೆ ಅರ್ಥವಾಗಿದ್ದು ಆಗಲೇ. ನೈಲಾನ್ ಬಲೆಗೆ ಸಿಕ್ಕ ಡಾಲ್ಫಿನ್ ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತದೆ. ಬೇಟೆಯಾಡಬಾರದು ಅನ್ನುವ ಕಾನೂನು 1972ರಿಂದಲೇ ಇದೆ, 2009ರಲ್ಲಿ ರಾಷ್ಟ್ರೀಯ ಜಲಚರ ಅನ್ನುವ ಪಟ್ಟವೂ ಸಿಕ್ಕಿತು. 2025ರಲ್ಲಿ ಬಂದ ಎಣಿಕೆಯ ಪ್ರಕಾರ ದೇಶದಲ್ಲಿ ನದಿ ಡಾಲ್ಫಿನ್‌ಗಳು 6,327. ಆದರೆ ಮಳೆಯ ಲೆಕ್ಕ ತಪ್ಪುತ್ತಾ, ಬಿಸಿಲು ಏರುತ್ತಾ ಹೋದರೆ ಈ ಮಡುಗಳಾದರೂ ಉಳಿಯುತ್ತವಾ? 2023ರಲ್ಲಿ ಬ್ರೆಜಿಲ್‌ನ ತೆಫೆ ಸರೋವರದಲ್ಲಿ ಬರ ಬಂದು, ನೀರು ಕಾದು, ನೂರಕ್ಕೂ ಜಾಸ್ತಿ ಡಾಲ್ಫಿನ್‌ಗಳು ಸತ್ತವು. ಗಂಗೆಯಲ್ಲಿ ಹಾಗಾಗಿಲ್ಲ. ಆದರೂ ಬೇಸಿಗೆಯಲ್ಲಿ ಮೇಲಿನ ಬ್ಯಾರೇಜುಗಳಿಂದ ಎಷ್ಟು ನೀರು ಬಿಡುತ್ತಾರೆ ಅನ್ನುವುದೇ ನನ್ನ ಪ್ರಕಾರ ಮುಖ್ಯ ಪ್ರಶ್ನೆ. ಬರೀ ಮೀನುಗಾರರನ್ನು ಬೈದು ಪ್ರಯೋಜನ ಇಲ್ಲ.

ನೀವು ಹೋಗುವುದಾದರೆ ಹುಟ್ಟು ಹಾಕುವ ದೋಣಿಯನ್ನೇ ಕೇಳಿ. ಹೊತ್ತು ಜಾಸ್ತಿ ಹಿಡಿಯುತ್ತೆ, ಟೋಪಿ ಮರೀಬೇಡಿ.