ಹಾಲು ಕರೆಯೋರು ಯಾರು?

ತಮ್ಮನನ್ನು ಕರೆದುಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದಾಗ ನಮ್ಮನ್ನು ಕೂರಿಸಿಕೊಂಡು ಮೊದಲು ಸಮಾಧಾನವಾಗಿ ಮಾತಾಡಿಸಿದವರು ಡಾಕ್ಟರಲ್ಲ. ಫೈಲ್ ಹಿಡಿದು ಬಂದ ಒಬ್ಬ ಹುಡುಗಿ. "ಮನೇಲಿ ಹಸು ಎಷ್ಟಿವೆ? ಹಾಲು ಕರೆಯೋರು ಯಾರು? ಸಾಲ ಇದೆಯಾ? ತಮ್ಮ ಯಾರ ಜೊತೆ ಊಟಕ್ಕೆ ಕೂರ್ತಾನೆ?" ನನಗೆ ರೇಗಿಹೋಯಿತು. ಇವನಿಗೆ ಹಗಲು ರಾತ್ರಿ ಯಾರೋ ಬೈದ ಹಾಗೆ ಕೇಳಿಸುತ್ತೆ, ಇವರು ಹಸು ಎಣಿಸ್ತಾ ಇದಾರಲ್ಲ ಅಂತ.

ಅವರು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಅಂದರೆ ರೋಗಿಯ ಮನೆ, ಕೆಲಸ, ಸಂಬಂಧಗಳನ್ನು ವಿಚಾರಿಸಿ ನೆರವಾಗೋರು ಅಂತ ಆಮೇಲೆ ತಿಳಿಯಿತು. ಹಾಗೊಂದು ಕೆಲಸ ಇರೋದೇ ನಮಗೆ ಗೊತ್ತಿರಲಿಲ್ಲ. ಎರಡು ವರ್ಷ ತಾಯತ ಕಟ್ಟಿಸಿದ್ದೆವು, ದೇವರ ಹತ್ತಿರ ಹೂ ಕೇಳಿದ್ದೆವು. ಪೇಟೆಯ ಒಬ್ಬ ಡಾಕ್ಟರು ಬರೀ ನಿದ್ದೆ ಮಾತ್ರೆ ಕೊಟ್ಟು ಕಳಿಸಿದ್ದರು.

ಒಬ್ಬೊಬ್ಬರದು ಒಂದೊಂದು ಕೆಲಸ ಅಂತ ಅಲ್ಲೇ ಗೊತ್ತಾಯಿತು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮುಂದೆ ಓದಿದವರು, ಮಾತ್ರೆ ಬರೆಯೋದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯೋದಿಲ್ಲ, ಪರೀಕ್ಷೆ ಮಾಡ್ತಾರೆ, ಕೂತು ಮಾತಾಡ್ತಾರೆ. ಮಾತ್ರೆಯಿಂದ ಕೈ ನಡುಗಿದರೆ, ಜೊಲ್ಲು ಸುರಿದರೆ ಹೆದರಬೇಡಿ, ಬಂದು ಹೇಳಿ, ನೀವಾಗಿ ಮಾತ್ರೆ ನಿಲ್ಲಿಸಬೇಡಿ ಅಂತ ಅಮ್ಮನಿಗೆ ತಿಳಿಯೋ ಹಾಗೆ ಹೇಳಿದವರು ನರ್ಸ್.

ಅಮ್ಮ ವಾರ್ಡ್‌ನಲ್ಲೇ ತಮ್ಮನ ಜೊತೆ ಉಳಿದರು. ಮನೆಯವರನ್ನು ಹೊರಗೆ ಹಾಕದೆ ಜೊತೆಗೇ ಇಟ್ಟುಕೊಳ್ಳೋದು ಅಲ್ಲಿಯ ಹಳೇ ಪದ್ಧತಿ. ಆವರಣದಲ್ಲೇ ಒಂದು ಬೇಕರಿ ಇದೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿ ಕೆಲಸ ಕಲೀತಾರೆ. ಬ್ರೆಡ್ ತಿನ್ನುತ್ತಾ ತಮ್ಮ ಮೆಲ್ಲಗೆ ಕೇಳಿದ, "ಇವರಿಗೂ ಕೇಳಿಸ್ತಿತ್ತಾ?" ಒಂದು ತಿಂಗಳಲ್ಲಿ ಅವನು ತಾನಾಗಿ ಆಡಿದ ಮೊದಲ ಮಾತು.

ಊರಿಗೆ ಹೊರಡುವ ದಿನ ಆ ಹುಡುಗಿ ಮತ್ತೆ ಬಂದರು. ಸಂಜೆ ಹಾಲು ಕರೆಯೋ ಕೆಲಸ ಇನ್ನು ಮೇಲೆ ತಮ್ಮನದು, ಬೇರೆ ಯಾರೂ ಕೈ ಹಾಕಬಾರದು ಅಂದರು. ಆಗ ಅರ್ಥವಾಯಿತು ನನಗೆ. (ಇದನ್ನ ಬರೀಲಾ ಅಂತ ಅವನನ್ನೇ ಕೇಳಿದೆ. "ಬರಿ, ಗೌರಿ ಹೆಸರು ಹಾಕು, ನನ್ನದು ಬೇಡ" ಅಂದ. ಗೌರಿ ನಮ್ಮ ಹಸು.)

ಮೊದಮೊದಲು ಮಾತ್ರೆಗಾಗಿ ತಿಪಟೂರಿನಿಂದ ಬೆಂಗಳೂರಿಗೆ ಹೋಗ್ತಿದ್ದೆವು. ಒಂದು ದಿನದ ಕೂಲಿ ಹೋಗ್ತಿತ್ತು, ಬಸ್ ಚಾರ್ಜು ಬೇರೆ. ಆಮೇಲೆ ಆಶಾ ಕಾರ್ಯಕರ್ತೆ ಮನೋಚೈತನ್ಯದ ಬಗ್ಗೆ ಹೇಳಿದರು. ಮನೋವೈದ್ಯರೇ ಮಂಗಳವಾರ ತಾಲೂಕು ಆಸ್ಪತ್ರೆಗೆ ಬರೋ ಸರ್ಕಾರಿ ಕಾರ್ಯಕ್ರಮ ಅದು. ಅವರು ಹೇಳದಿದ್ದರೆ ಇವತ್ತಿಗೂ ಬಸ್ಸಲ್ಲೇ ಇರ್ತಿದ್ದೆವು.

ಹೋದ ವರ್ಷ ತಮ್ಮ ಮತ್ತೆ ಮಾತ್ರೆ ಬಿಟ್ಟ. ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 2022ರಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಮ್ಮನ ಕಥೆಯೆಲ್ಲ ಹೇಳಿದೆ. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು, "ಸರಿ ಅಕ್ಕ. ನೀವು ಸರಿಯಾಗಿ ಮಲಗಿ ಎಷ್ಟು ದಿನ ಆಯ್ತು?" ಅಂದರು.

ನನ್ನನ್ನು ಯಾರೂ ಇದನ್ನ ಕೇಳಿರಲಿಲ್ಲ. ಸುಮ್ನೆ ಅತ್ತುಬಿಟ್ಟೆ. ಅವರು ಫೋನ್ ಇಡಲಿಲ್ಲ.