ಶೇಕಡಾ 69ರ ಅಂಕಪಟ್ಟಿ ಮತ್ತು ಮೈಸೂರು ರಸ್ತೆಯ ಸಂಸ್ಥೆ

2018ರಲ್ಲಿ ದ್ವಿತೀಯ ಪಿಯುಸಿಯಲ್ಲಿ ನನಗೆ ಬಂದದ್ದು 600ಕ್ಕೆ 414 ಅಂಕ. ಕನ್ನಡದಲ್ಲಿ 88, ಗಣಿತದಲ್ಲಿ 81 ಬಂದಿದ್ದವು; ಭೌತಶಾಸ್ತ್ರದಲ್ಲಿ 54, ರಸಾಯನಶಾಸ್ತ್ರದಲ್ಲಿ 58. ಅದೇ ವರ್ಷ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ, ಅಂದರೆ ನಾವೆಲ್ಲ ಐಎಸ್‌ಐ ಎನ್ನುವ ಕಡೆ, ಬಿ.ಮ್ಯಾಥ್ ಆನರ್ಸ್ ಎಂಬ ಗಣಿತದ ಪದವಿಗೆ ಸೇರಿದೆ. ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ತಮ್ಮ ಮಕ್ಕಳನ್ನು ಕರೆತಂದು, ಇಷ್ಟು ಅಂಕಕ್ಕೆ ಅಲ್ಲಿ ಸೀಟು ಹೇಗೆ ಸಿಕ್ಕಿತೆಂದು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅಂಕ ಮುಖ್ಯವಲ್ಲ ಎಂದು ಸಮಾಧಾನ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ರಾಜ್ಯದಲ್ಲಿ ಎಂಜಿನಿಯರಿಂಗ್ ಸೀಟಿನ ರ‍್ಯಾಂಕನ್ನು ಸಿಇಟಿ ಅಂಕಗಳನ್ನೂ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದ ಅಂಕಗಳನ್ನೂ ಅರ್ಧರ್ಧ ಸೇರಿಸಿ ನಿರ್ಧರಿಸುತ್ತಿದ್ದರು. ಹಾಗಾಗಿ ನನ್ನ 54 ಮತ್ತು 58 ಅಲ್ಲಿಯೂ ಬೆನ್ನಿಗೇ ಬಂದವು. ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆಗಳಾದ ಎನ್‌ಐಟಿಗಳಿಗೆ ಹೋಗಬೇಕೆಂದರೆ ಜೆಇಇ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕ್ ಇದ್ದರೂ ಸಾಲದು, ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇಕಡಾ 75 ಇರಬೇಕಿತ್ತು, ಇಲ್ಲವೇ ತಮ್ಮ ಬೋರ್ಡಿನ ಮೊದಲ ಶೇಕಡಾ 20 ವಿದ್ಯಾರ್ಥಿಗಳೊಳಗೆ ಬಂದಿರಬೇಕಿತ್ತು. ಈ ಜಾಗಗಳಲ್ಲಿ ಅಂಕ ಮುಖ್ಯವೇ. ಗಣಿತವೊಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಫೇಲಾದ ರಾಮಾನುಜನ್ ಉದಾಹರಣೆಯನ್ನು ಕೊಡುವವರೂ ಇದ್ದಾರೆ, ಆದರೆ ಅಂಥ ಪ್ರತಿಭೆಯನ್ನು ಮುಂದಿಟ್ಟುಕೊಂಡು ಸಾಧಾರಣ ವಿದ್ಯಾರ್ಥಿಯೊಬ್ಬ ತನ್ನ ದಾರಿಯನ್ನು ಯೋಜಿಸಲಾಗದು. ಯಾವ ಸಂಸ್ಥೆ ಯಾವುದನ್ನು ಅಳೆಯುತ್ತದೆ ಎಂಬುದನ್ನು ಮೊದಲ ಪಿಯುಸಿಯಲ್ಲೇ ವಿಚಾರಿಸಿ ತಿಳಿದುಕೊಳ್ಳಬೇಕು.

ನನಗೆ ಅದನ್ನು ತಿಳಿಸಿದವರು ತಿಪಟೂರಿನಲ್ಲಿ ನಮ್ಮ ಬೀದಿಯಲ್ಲೇ ಇದ್ದ, ಹೈಸ್ಕೂಲಿನಿಂದ ನಿವೃತ್ತರಾಗಿದ್ದ ಗಣಿತದ ಮೇಷ್ಟ್ರು. ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಲನೋಬಿಸ್ ಅವರು 1931ರಲ್ಲಿ ಕೋಲ್ಕತ್ತದಲ್ಲಿ ಸ್ಥಾಪಿಸಿದ ಐಎಸ್‌ಐನ ಕೇಂದ್ರವೊಂದು ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇದೆಯೆಂಬುದು ಅವರು ಹೇಳುವವರೆಗೆ ನನಗೆ ತಿಳಿದಿರಲಿಲ್ಲ. ಬಿ.ಮ್ಯಾಥ್‌ಗೆ ಅರ್ಜಿ ಹಾಕಲು ಹನ್ನೆರಡನೇ ತರಗತಿಯಲ್ಲಿ ಗಣಿತ ಮತ್ತು ಇಂಗ್ಲಿಷ್ ಓದಿ ತೇರ್ಗಡೆಯಾಗಿದ್ದರೆ ಸಾಕಿತ್ತು. ಆಯ್ಕೆ ನಡೆಯುತ್ತಿದ್ದದ್ದು ಸಂಸ್ಥೆಯೇ ನಡೆಸುವ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಮೇಲೆ. ಒಂದೇ ದಿನ ಎರಡೆರಡು ಗಂಟೆಯ ಎರಡು ಪತ್ರಿಕೆಗಳು: ಬೆಳಿಗ್ಗೆ 30 ಬಹು ಆಯ್ಕೆಯ ಪ್ರಶ್ನೆಗಳು, ಮಧ್ಯಾಹ್ನ ವಿವರವಾಗಿ ಸಾಧಿಸಿ ತೋರಿಸಬೇಕಾದ 8 ಪ್ರಶ್ನೆಗಳು. ಬೆಳಗಿನ ಪತ್ರಿಕೆಯಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ ಸೊನ್ನೆ, ಉತ್ತರಿಸದೆ ಬಿಟ್ಟರೆ 1 ಅಂಕ. ಗೊತ್ತಿಲ್ಲದ್ದನ್ನು ಊಹಿಸಿ ತುಂಬದೆ ಬಿಟ್ಟುಬಿಡುವ ಪ್ರಾಮಾಣಿಕತೆಗೂ ಒಂದು ಅಂಕ ಕೊಡುವ ಪರೀಕ್ಷೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಮೇಷ್ಟ್ರು ಹಳೆಯ ಪ್ರಶ್ನೆಪತ್ರಿಕೆಗಳನ್ನು ಝೆರಾಕ್ಸ್ ಮಾಡಿಸಿ ಕೊಡುವುದಕ್ಕೆ ಮೊದಲು, ತಯಾರಿಗೆಂದು ಒಂದೇ ಒಂದು ಲೆಕ್ಕ ಕೊಟ್ಟರು. 1ಕ್ಕಿಂತ ದೊಡ್ಡದಾದ ಯಾವುದೇ ಪೂರ್ಣಾಂಕದ ನಾಲ್ಕನೆಯ ಘಾತಕ್ಕೆ, ಆ ಪೂರ್ಣಾಂಕದಷ್ಟೇ ಘಾತಕ್ಕೆ ಏರಿಸಿದ 4ನ್ನು ಕೂಡಿಸಿದರೆ ಬರುವ ಸಂಖ್ಯೆ ಎಂದೂ ಅವಿಭಾಜ್ಯವಾಗದು ಎಂದು ಸಾಧಿಸಬೇಕಿತ್ತು. ಸಮ ಸಂಖ್ಯೆ ಹಾಕಿದರೆ ಮೊತ್ತವೂ ಸಮವಾಗುವುದರಿಂದ ಅಲ್ಲಿ ಕಷ್ಟವಿರಲಿಲ್ಲ. 3 ಹಾಕಿದರೆ 81 ಮತ್ತು 64 ಸೇರಿ 145, ಅಂದರೆ 5 ಗುಣಿಸು 29. 5 ಹಾಕಿದರೆ 1649, ಅಂದರೆ 17 ಗುಣಿಸು 97. ಇಷ್ಟು ಮಾಡಿಕೊಂಡು ಹೋದಾಗ ಅವರು, "ಆಯಿತು ಅನ್ನೋದು ಕಾಣ್ತಿದೆ. ಯಾಕೆ ಆಯಿತು ಅಂತ ಬರಕೊಂಡು ಬಾ" ಎಂದು ವಾಪಸು ಕಳಿಸಿದರು. ಒಂಬತ್ತು ದಿನ ಅದರ ಹಿಂದೆ ಬಿದ್ದಿದ್ದೆ. ಆ ಮೊತ್ತಕ್ಕೆ ಒಂದು ಪದವನ್ನು ಕೂಡಿಸಿ ಅದನ್ನೇ ಕಳೆದರೆ ಎರಡು ವರ್ಗಗಳ ವ್ಯತ್ಯಾಸ ಸಿಗುತ್ತದೆ, ಅದನ್ನು ಎಂಟನೇ ತರಗತಿಯ ಸೂತ್ರದಿಂದಲೇ ಎರಡು ಅಪವರ್ತನಗಳಾಗಿ ಒಡೆಯಬಹುದು ಎಂದು ಹೊಳೆದದ್ದು ಒಂದು ರಾತ್ರಿ ಕರೆಂಟು ಹೋಗಿ, ನೋಟುಬುಕ್ಕು ಕಾಣದೆ ಸುಮ್ಮನೆ ಕುಳಿತಿದ್ದಾಗ. ಪಿಯುಸಿಯ ಯಾವ ಪರೀಕ್ಷೆಯೂ ನನ್ನಿಂದ ಒಂಬತ್ತು ದಿನದ ತಾಳ್ಮೆಯನ್ನು ಕೇಳಿರಲಿಲ್ಲ, ನನ್ನಲ್ಲಿ ಅದು ಇದೆಯೆಂದು ನನಗೂ ತಿಳಿದಿರಲಿಲ್ಲ.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದ ನನಗೆ ಇಂಗ್ಲಿಷಿನ ಭೌತಶಾಸ್ತ್ರಕ್ಕೆ ಹೆಚ್ಚು ಸಮಯ ಬೇಕಿತ್ತು, ಆ ಸಮಯವನ್ನು ನಾನು ತಿಳಿದೇ ಗಣಿತಕ್ಕೆ ಕೊಟ್ಟೆ. ಪರೀಕ್ಷೆ ಕೈಕೊಟ್ಟಿದ್ದರೆ ನನ್ನ ಕೈಯಲ್ಲಿ ಉಳಿಯುತ್ತಿದ್ದದ್ದು ಊರಿನ ಕಾಲೇಜಿನ ಬಿ.ಎಸ್ಸಿ ಅರ್ಜಿ ಮಾತ್ರ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಅಪ್ಪನಿಗೆ ಆ ಆತಂಕ ಇತ್ತು, ಅದು ನ್ಯಾಯವಾದ ಆತಂಕವೇ. ಎಲ್ಲರೂ ಹೀಗೆ ಮಾಡಲಿ ಎಂದು ನಾನು ಹೇಳಲಾರೆ.

ಸಂದರ್ಶನದಲ್ಲಿ ಅಂಕಪಟ್ಟಿಯ ಮಾತೇ ಬರಲಿಲ್ಲ. ಪೂರ್ಣಾಂಕಗಳೇ ಗುಣಕಗಳಾಗಿರುವ ಬಹುಪದೋಕ್ತಿಯೊಂದರಲ್ಲಿ 1 ಹಾಕಿದರೆ 4, 3 ಹಾಕಿದರೆ 7 ಬರಲು ಸಾಧ್ಯವೇ ಎಂದು ಕೇಳಿದರು. ಸಾಧ್ಯವೆಂದು ಹೇಳಿ ಬೋರ್ಡಿನ ಮೇಲೆ ಬರೆಯತೊಡಗಿದೆ. ಏನು ಮಾಡಿದರೂ ಎಲ್ಲೋ ಒಂದು ಅರ್ಧ ಉಳಿಯುತ್ತಿತ್ತು. ಎರಡು ನಿಮಿಷದ ನಂತರ "ಸರ್, ನಾನು ಮೊದಲು ಹೇಳಿದ್ದು ತಪ್ಪು" ಎಂದು ಅಳಿಸಿ, ಯಾವ ಬೆಸ ಸಂಖ್ಯೆಗಳನ್ನು ಹಾಕಿದರೂ ಬರುವ ಬೆಲೆಗಳು ಎಲ್ಲವೂ ಸಮ ಇಲ್ಲವೇ ಎಲ್ಲವೂ ಬೆಸವಾಗಿರಲೇಬೇಕು ಎಂದು ವಿವರಿಸಿದೆ. ಅವರು ಅವಸರಿಸಲಿಲ್ಲ, ನಾನು ಅಳಿಸಿದ್ದಕ್ಕೆ ಬೇಸರಿಸಲೂ ಇಲ್ಲ.

ಪ್ರವೇಶದ ದಿನ ಅಪ್ಪ ಜೊತೆಗೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಕೆ ಬೀಳದಂತೆ ತಂದಿದ್ದ ಅಂಕಪಟ್ಟಿಯನ್ನು ಕೌಂಟರಿನಲ್ಲಿ ಕೊಡುವಾಗ ಅವರ ಕೈ ಸ್ವಲ್ಪ ತಡೆಯಿತು. ಅಲ್ಲಿದ್ದವರು ಹೆಸರು ನೋಡಿದರು, ಗಣಿತ ಮತ್ತು ಇಂಗ್ಲಿಷ್ ಎಂಬ ಎರಡು ಸಾಲುಗಳ ಮೇಲೆ ಪೆನ್ನಿನ ತುದಿ ಆಡಿಸಿದರು, ಭೌತಶಾಸ್ತ್ರದ ಸಾಲನ್ನು ದಾಟಿ ಕೆಳಗಿನ ಸಹಿಗೆ ಹೋದರು. "ಇದರದ್ದು ಇನ್ನೊಂದು ಝೆರಾಕ್ಸ್ ಬೇಕಲ್ಲ" ಎಂದರು. ಅಪ್ಪ ಕವರಿನಿಂದ ನಾಲ್ಕು ಪ್ರತಿ ತೆಗೆದು ಮುಂದಿಟ್ಟರು.