ನಮ್ಮಮ್ಮ ಎಂದಿನ ಹಾಗಿಲ್ಲ

ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನಾನು ರಾತ್ರಿ ಪಾಳಿಯಲ್ಲಿದ್ದೆ. ಎರಡು ಗಂಟೆಯ ಹೊತ್ತಿಗೆ ಪಕ್ಕದ ವಾರ್ಡಿನಿಂದ ಫೋನ್ ಬಂತು. ಅಲ್ಲಿದ್ದ ವಯಸ್ಸಾದ ತಾಯಿಯೊಬ್ಬರಿಗೆ ಇಂಗ್ಲಿಷ್ ಬಾರದು, ಫೋನಿನ ಮೂಲಕ ಕನ್ನಡ ದುಭಾಷಿ ಆ ಹೊತ್ತಿನಲ್ಲಿ ಸಿಗುತ್ತಿಲ್ಲ, ಒಂದು ನಿಮಿಷ ಬಂದು ಮಾತಾಡಿಸಲು ಸಾಧ್ಯವೇ ಎಂದು ಕೇಳಿದರು. ಹೋದೆ. ಮಂಚದ ಪಕ್ಕದಲ್ಲಿ ಮಗ ನಿಂತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, "ಸಿಸ್ಟರ್, ನಮ್ಮಮ್ಮ ಎಂದಿನ ಹಾಗಿಲ್ಲ. ಸಂಜೆಯಿಂದ ಎರಡು ಸಲ ಹೇಳಿದೆ, ಸುಸ್ತಾಗಿದ್ದಾರೆ ಅಷ್ಟೇ ಅಂತಾರೆ" ಎಂದರು. ನಾನು ಬಾಗಿ, "ಅಮ್ಮಾ, ಈಗ ಎಲ್ಲಿದ್ದೀರಿ?" ಎಂದು ಕೇಳಿದೆ. ಅವರು ಕಣ್ಣು ತೆರೆದು, ಬಹಳ ಸಹಜವಾದ ದನಿಯಲ್ಲಿ, "ಗದ್ದೆಗೆ ನೀರು ಬಿಟ್ಟು ಬರ್ತೀನಿ, ಅಣ್ಣನಿಗೆ ಹೇಳು" ಎಂದರು. ಅಣ್ಣ ಎಂದು ಅವರು ತೋರಿಸಿದ್ದು ಮಗನನ್ನು.

ಇಲ್ಲಿನ ಆಸ್ಪತ್ರೆಗಳಲ್ಲಿ ಪ್ರತಿ ವಯಸ್ಕ ರೋಗಿಗೂ ದಿನಕ್ಕೆ ಹಲವು ಸಲ ನ್ಯೂಸ್-2 ಎಂಬ ಅಂಕ ಹಾಕುತ್ತೇವೆ; ಅಂಕ ಹೆಚ್ಚಿದಷ್ಟೂ ರೋಗಿಯ ಸ್ಥಿತಿ ಕೆಡುತ್ತಿದೆ ಎಂದರ್ಥ. ವೈದ್ಯರ ಸಂಸ್ಥೆಯಾದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಪದ್ಧತಿ ಇದು. ಉಸಿರಾಟ, ರಕ್ತದಲ್ಲಿನ ಆಮ್ಲಜನಕ, ರಕ್ತದೊತ್ತಡ, ನಾಡಿ, ಎಚ್ಚರದ ಸ್ಥಿತಿ, ಜ್ವರ ಇವುಗಳಲ್ಲಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಕೊಳವೆಯಿಂದ ಆಮ್ಲಜನಕ ಕೊಡುತ್ತಿದ್ದರೆ ಇನ್ನೆರಡು ಸೇರುತ್ತದೆ. ಆ ತಾಯಿಯ ಉಸಿರು ನಿಮಿಷಕ್ಕೆ 22, ಅದಕ್ಕೆ ಎರಡು. ಆಮ್ಲಜನಕ ಶೇಕಡಾ 95, ಅದಕ್ಕೆ ಒಂದು. ರಕ್ತದೊತ್ತಡದ ಮೇಲಿನ ಸಂಖ್ಯೆ 108, ಅದಕ್ಕೆ ಒಂದು. ನಾಡಿ 88, ಜ್ವರವೂ ಇಲ್ಲ, ಆದ್ದರಿಂದ ಅವೆರಡಕ್ಕೂ ಸೊನ್ನೆ. ಮುಟ್ಟಿದರೆ ಕಣ್ಣು ಬಿಡುತ್ತಿದ್ದರು, ಏನು ಕೇಳಿದರೂ "ಎಸ್, ಎಸ್" ಎನ್ನುತ್ತಿದ್ದರು, ಹಾಗಾಗಿ ಎಚ್ಚರವಾಗಿದ್ದಾರೆ ಎಂದು ಬರೆದು ಅಲ್ಲಿಯೂ ಸೊನ್ನೆ ಹಾಕಿದ್ದರು. ಒಟ್ಟು ನಾಲ್ಕು. ನಾಲ್ಕಿದ್ದರೆ ಇನ್ನು ನಾಲ್ಕರಿಂದ ಆರು ಗಂಟೆಯೊಳಗೆ ಮತ್ತೊಮ್ಮೆ ನೋಡಿದರೆ ಸಾಕು ಎನ್ನುತ್ತದೆ ನಿಯಮ. ಆದರೆ 2017ರ ಪರಿಷ್ಕರಣೆಯಲ್ಲಿ 'ಹೊಸದಾಗಿ ಕಾಣಿಸಿಕೊಂಡ ಗೊಂದಲ' ಎಂಬುದನ್ನು ಸೇರಿಸಿ ಅದೊಂದಕ್ಕೇ ಮೂರು ಅಂಕ ಇಟ್ಟಿದ್ದಾರೆ. ಗದ್ದೆಯ ಮಾತನ್ನು ಲೆಕ್ಕಕ್ಕೆ ತೆಗೆದುಕೊಂಡ ತಕ್ಷಣ ನಾಲ್ಕು ಏಳಾಯಿತು. ಏಳು ಎಂದರೆ ತುರ್ತು ತಂಡವನ್ನು ಕರೆಯಬೇಕು.

ತಂಡ ಬಂತು. ರಕ್ತ ಪರೀಕ್ಷೆಗೆ ಕಳಿಸಿ, ಡ್ರಿಪ್ ಹಾಕಿ, ಆಂಟಿಬಯಾಟಿಕ್ ಆರಂಭಿಸಿದರು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆಯೇ ಅಂಗಾಂಗಗಳಿಗೆ ಹಾನಿ ಮಾಡುವ ಈ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ವಯಸ್ಸಾದವರಲ್ಲಿ ಅದು ಜ್ವರವಿಲ್ಲದೆಯೂ ಬರುತ್ತದೆ, ಎಷ್ಟೋ ಸಲ ಗೊಂದಲದ ಮಾತೇ ಅದರ ಮೊದಲ ಲಕ್ಷಣ. ಆ ತಾಯಿ ಹನ್ನೊಂದು ದಿನಗಳ ನಂತರ ಮನೆಗೆ ಹೋದರು. ನನ್ನ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಬೇರೆ ಸಂಗತಿ. ಅಂದು ಯಾರೂ ಅಸಡ್ಡೆ ತೋರಿರಲಿಲ್ಲ, ಸಂಖ್ಯೆಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಬರೆದಿದ್ದರು. ಗೊತ್ತಿದ್ದವರು ಒಬ್ಬರೇ, ಆ ಮಗ. ಅವರು ಹೇಳಿದ ಮಾತಿಗೆ ಚಾರ್ಟಿನಲ್ಲಿ ಒಂದು ಕಾಲಂ ಕೂಡ ಇರಲಿಲ್ಲ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ನ್ಯಾಷನಲ್ ಹೆಲ್ತ್ ಸರ್ವಿಸ್ 1948ರ ಜುಲೈ 5ರಂದು ಆರಂಭವಾದ ಸಂಸ್ಥೆ. ಅದು ತನ್ನ ತಪ್ಪುಗಳಿಂದ ಕಲಿತ ದೊಡ್ಡ ಪಾಠಗಳ ಹಿಂದೆಲ್ಲ ಹೀಗೆಯೇ ಮನೆಯವರ ಮಾತು ಇದೆ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ 2005ರಿಂದ 2009ರವರೆಗೆ ಆಡಳಿತ ಮಂಡಳಿಯ ಗಮನ ಖರ್ಚು ಮತ್ತು ಗುರಿಗಳ ಮೇಲಿದ್ದಾಗ, ರೋಗಿಗಳಿಗೆ ನೀರಿನ ಲೋಟ ಕೈಗೆಟುಕದ ಕಡೆ ಇರುತ್ತಿತ್ತು, ಮಲಿನವಾದ ಹಾಸಿಗೆಯಲ್ಲೇ ಹಲವರು ಮಲಗಿರಬೇಕಾಗುತ್ತಿತ್ತು. ಅದನ್ನು ಬಿಡದೆ ಹೊರಗೆ ತಂದವರು ತಾಯಿಯನ್ನು ಕಳೆದುಕೊಂಡ ಜೂಲಿ ಬೈಲಿ ಮತ್ತು ಅವರಂಥ ಇತರ ಕುಟುಂಬದವರು. ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರ ಫೆಬ್ರವರಿಯಲ್ಲಿ 290 ಶಿಫಾರಸುಗಳೊಂದಿಗೆ ಬಂತು, ಮರುವರ್ಷ ಚಿಕಿತ್ಸೆಯಲ್ಲಿ ಗಂಭೀರ ಹಾನಿಯಾದರೆ ಮುಚ್ಚಿಡದೆ ತಿಳಿಸಿ ಕ್ಷಮೆ ಕೇಳುವುದು ಆಸ್ಪತ್ರೆಗಳ ಕಾನೂನುಬದ್ಧ ಕರ್ತವ್ಯವಾಯಿತು. ಇದನ್ನು ನಾನು ಮನಸಾರೆ ಗೌರವಿಸುತ್ತೇನೆ, ಆದರೂ ಇದು ಹಾನಿಯಾದ ಮೇಲಿನ ಮಾತು.

ಹಾನಿಗೆ ಮುಂಚಿನ ಮಾತಿಗೆ ದಾರಿ ಮಾಡಿಕೊಟ್ಟದ್ದು ಮಾರ್ಥಾ ಮಿಲ್ಸ್ ಎಂಬ ಹದಿಮೂರು ವರ್ಷದ ಹುಡುಗಿಯ ಸಾವು. ಸೈಕಲ್ಲಿನಿಂದ ಬಿದ್ದು ಮೇದೋಜ್ಜೀರಕ ಗ್ರಂಥಿಗೆ ಪೆಟ್ಟಾಗಿದ್ದ ಅವಳು 2021ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ಸೆಪ್ಸಿಸ್‌ನಿಂದ ತೀರಿಕೊಂಡಳು. ತಾಯಿ ಮೆರೊಪಿ ಮಿಲ್ಸ್ ಆತಂಕ ತೋಡಿಕೊಂಡಾಗಲೆಲ್ಲ ಸಮಾಧಾನದ ಮಾತಷ್ಟೇ ಸಿಕ್ಕಿತ್ತು. ಬೇಗ ತೀವ್ರ ನಿಗಾ ಘಟಕಕ್ಕೆ ಸೇರಿಸಿದ್ದರೆ ಮಗು ಬಹುಶಃ ಉಳಿಯುತ್ತಿತ್ತು ಎಂದು ಮರಣ ವಿಚಾರಣಾಧಿಕಾರಿ ಹೇಳಿದರು. ತಂದೆತಾಯಿಯ ಹೋರಾಟದಿಂದ ಬಂದ 'ಮಾರ್ಥಾ ನಿಯಮ'ವನ್ನು 2024ರಲ್ಲಿ ಮೊದಲ ಹಂತವಾಗಿ ಇಂಗ್ಲೆಂಡಿನ 143 ಕಡೆ ಜಾರಿಗೆ ತಂದರು. ಸಿಬ್ಬಂದಿಯಲ್ಲಿ ಯಾರಿಗೇ ಆಗಲಿ, ರೋಗಿಗೇ ಆಗಲಿ, ಮನೆಯವರಿಗೇ ಆಗಲಿ ಸ್ಥಿತಿ ಕೆಡುತ್ತಿದೆ ಎನಿಸಿದರೆ, ವಾರ್ಡಿನ ವೈದ್ಯರನ್ನು ಬಿಟ್ಟು ಬೇರೆ ತಂಡವೇ ಬಂದು ನೋಡುವಂತೆ ಹಗಲು ರಾತ್ರಿ ಕೇಳಬಹುದು. ಆ ಫೋನ್ ನಂಬರು ರೋಗಿಗಳಿಗೂ ಮನೆಯವರಿಗೂ ಕಾಣುವಂತೆ ಆಸ್ಪತ್ರೆಯಲ್ಲಿ ಹಾಕಿರಬೇಕು.

ನಾನು ಮೇಲೆ ಹೇಳಿದ ರಾತ್ರಿ ಈ ನಿಯಮ ಬರುವುದಕ್ಕೆ ಮುಂಚಿನದು. ಅಂದು ನನಗೆ ರಜೆಯಿದ್ದಿದ್ದರೆ ಆ ಮಗ ಮೂರನೆಯ ಸಲ ಯಾರಿಗೆ ಹೇಳಬೇಕಿತ್ತು? ಮನೆಯವರೆಲ್ಲ ಸುಮ್ಮಸುಮ್ಮನೆ ಫೋನ್ ಮಾಡಿ ತಂಡದ ಸಮಯ ಹಾಳಾಗುತ್ತದೆ ಎಂದು ಆತಂಕಪಡುವ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ನಾನು ಅವರ ಮಾತನ್ನು ಒಪ್ಪುವುದಿಲ್ಲ. ಜನ ಸಾಮಾನ್ಯವಾಗಿ ಸಂಕೋಚದಿಂದ ತಡಮಾಡುತ್ತಾರೆಯೇ ಹೊರತು ಆತುರಪಡುವುದಿಲ್ಲ, ಅದರಲ್ಲೂ ಪರಭಾಷೆಯ ನೆಲದಲ್ಲಿ. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ರೋಗಿಯ ಕಡೆಯವರು ರಾತ್ರಿಯಿಡೀ ಮಂಚದ ಕೆಳಗೇ ಚಾಪೆ ಹಾಸಿ ಮಲಗಿರುತ್ತಾರೆ. ರೋಗಿಯ ನರಳಾಟದ ಸದ್ದು ಬದಲಾದದ್ದು ಅವರಿಗೆ ಗೊತ್ತಾದಷ್ಟು ಬೇಗ ಯಾವ ಯಂತ್ರಕ್ಕೂ ಗೊತ್ತಾಗದು. ರೌಂಡ್ಸ್ ಹೊತ್ತಿಗೆ ಮಾತ್ರ ಅವರನ್ನೇ ಮೊದಲು ಹೊರಗೆ ಕಳಿಸುತ್ತೇವೆ.

ಮಾರ್ಥಾ ನಿಯಮದ ಇನ್ನೊಂದು ಭಾಗ ನನಗೆ ಹೆಚ್ಚು ಕೆಲಸ ಕೊಟ್ಟಿದೆ. ನಿನ್ನೆಗಿಂತ ಹೇಗನಿಸುತ್ತಿದೆ, ಮೇಲೋ ಕಡಿಮೆಯೋ ಎಂದು ರೋಗಿಯನ್ನು ದಿನಕ್ಕೆ ಒಮ್ಮೆಯಾದರೂ ಕೇಳಿ ಬರೆದಿಡಬೇಕು. ನಮ್ಮ ಕಡೆಯ ಹಿರಿಯರು ಇದಕ್ಕೆ ಕೊಡುವ ಉತ್ತರ ಒಂದೇ: "ಪರವಾಗಿಲ್ಲ". ಗುಣವಾಗಿದೆ ಎಂಬುದಕ್ಕೂ ಅದೇ ಮಾತು, ತಡೆದುಕೊಳ್ಳುತ್ತೇನೆ ಎಂಬುದಕ್ಕೂ ಅದೇ, ನಿಮಗೆ ತೊಂದರೆ ಬೇಡ ಎಂಬುದಕ್ಕೂ ಅದೇ. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ 'ಚೆನ್ನಾಗಿದ್ದಾರೆ' ಎಂದೇ ದಾಖಲಾಗುತ್ತದೆ. ಆದ್ದರಿಂದ ಈಗ ನಾನು ನಿನ್ನೆ ಬಚ್ಚಲಿಗೆ ನೀವೇ ನಡೆದು ಹೋದಿರಾ, ಇವತ್ತು ಹೋದಿರಾ, ಬೆಳಿಗ್ಗೆ ಎಷ್ಟು ಉಂಡಿರಿ, ಮಗನ ಹತ್ತಿರ ಫೋನಿನಲ್ಲಿ ಏನು ಮಾತಾಡಿದಿರಿ ಎಂದು ಕೇಳುತ್ತೇನೆ. ಆಮೇಲೆ ಆ ಮಗನನ್ನೂ ಕೇಳುತ್ತೇನೆ. ಪಾಳಿ ಮುಗಿಸಿ ಹೊರಡುವಾಗ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಮುಂದಿನವರಿಗೆ ಒಪ್ಪಿಸುತ್ತೇನೆ.